ಗಡ್ಡೆ ಕರೆದ ರಕ್ತ

ಶವಪೆಟ್ಟಿಗೆ ಬಾಗಿಲ ಚೌಕಟ್ಟಿಗೆ ತಾಗದಂತೆ ಓರೆ ಮಾಡಿ ಹೊರತರುತ್ತಿರುವಾಗಲೇ ಕೊನ್ಸಿಂಗ್ ಮತ್ತೆ ಶುರುಮಾಡಿದಳು.

"ಆ ಔಷಧಿನೇ ನನ್ನ ತಮ್ಮನ ರಕ್ತ ಒಣಗಿಸಿ ಕೊಂದಿದ್ದು. ರುಫೀನೊ, ನಾಳೆ ಆಸ್ಪತ್ರೆ ಕಡೆ ಮುಖ ಹಾಕಿದ್ರೆ ನೋಡು."

ನೆನಿಟಾ ಹಲ್ಲು ಕಚ್ಚಿದಳು. ಗಂಡ ಸತ್ತಾಗಿನಿಂದ ಅವನ ಅಕ್ಕನದು ಇದೇ ರಾಗ. ಶವ ಕಾಯುವ ಜಾಗರಣೆಗೆ ಬಂದು ಇಸ್ಪೀಟಾಡಿದವರಿಗೂ ಹೇಳಿದ್ದಳು, ಪಾದ್ರಿಗಳಿಗೂ ಹೇಳಿದ್ದಳು. ಈಗ ಮೈದುನ ರುಫೀನೊನ ಯಕೃತ್ತಿನಲ್ಲೂ ಅಣ್ಣನಿಗಿದ್ದಂಥದೇ ಗಡ್ಡೆ. ಅದೇ ಔಷಧಿಯ ಮೊದಲ ಡ್ರಿಪ್ ನಾಳೆ ಬೆಳಿಗ್ಗೆ.

"ಅಕ್ಕಾ, ಮಣ್ಣು ಮಾಡೋ ತನಕವಾದ್ರೂ ಸುಮ್ನಿರಿ."

"ಇಬ್ರೂ ಸುಮ್ನಿರಿ," ಎಂದ ಪೆಟ್ಟಿಗೆ ಹೊತ್ತವನೊಬ್ಬ. "ನಿಮ್ಮ ಜಗಳ ತಾಳಲಾರದೆ ಪೆಟ್ಟಿಗೆಯಲ್ಲಿರೋ ಡಾಡೊನೇ ಎದ್ದು ತನ್ನ ಜೀಪ್ನಿ ಹತ್ತಿ ಹೋಗ್ತಾನೆ."

* * *

ಎರಡು ವರ್ಷದ ಹಿಂದೆ ಡಾಕ್ಟರಮ್ಮ ಗಂಡಹೆಂಡಿರನ್ನು ಕೂರಿಸಿಕೊಂಡು ಹೇಳಿದ್ದರು: "ಗಡ್ಡೆ ಬೆಳೆಯೋಕೆ ರಕ್ತ ಬೇಕು. ಅದಕ್ಕೇ ಅದು ಒಂದು ಬಗೆ ರಸ ಬಿಟ್ಟು ಹೊಸ ರಕ್ತನಾಳಗಳನ್ನ ತನ್ನ ಕಡೆ ಕರ್ಕೊಳ್ಳುತ್ತೆ. ಅದೇ ರಸ ಮೈ ಕಾಯೋ ಕಣಗಳನ್ನೂ ಮಂಕು ಮಾಡುತ್ತೆ, ಗಡ್ಡೆಯೊಳಕ್ಕೆ ಬಿಡಲ್ಲ. ಒಂದು ಔಷಧಿ ಆ ರಸ ತಡೆಯೋಕೆ, ಇನ್ನೊಂದು ಕಾವಲಿನವರನ್ನ ಎಬ್ಬಿಸೋಕೆ. ಬಿ.ಪಿ. ಏರಿ, ಅನ್ನನಾಳದಲ್ಲಿ ಉಬ್ಬಿದ ನರ ಇದ್ರೆ ಒಡೆದು ರಕ್ತಸ್ರಾವ ಆಗೋ ಭಯ ಇದೆ. ಮುಚ್ಚಿಡಲ್ಲ."

ಇಲೊಯಿಲೊ ಊರಿನ ಬೀದಿಗಳಲ್ಲಿ ಜನ ತುಂಬಿದ ಜೀಪ್ನಿ ಓಡಿಸುತ್ತಲೇ ತಲೆ ನರೆಸಿಕೊಂಡ ಡಾಡೊ ನಕ್ಕುಬಿಟ್ಟಿದ್ದ. "ತನ್ನ ಮನೆ ತನಕ ರಸ್ತೆ ಹಾಕಿಸ್ಕೊಂಡು, ಪೊಲೀಸರಿಗೆ ಕುಡಿಸಿ ಮಲಗಿಸೋನು. ನಮ್ಮ ಕೇರಿ ಆಳೋ ಕ್ಯಾಪ್ಟನ್ನೇ ಬಿಡಿ ಅದು."

ಆಮೇಲೆ ಅವನ ಜೀಪ್ನಿ ಹತ್ತಿದವರಿಗೆಲ್ಲ ಈ ಕತೆ ಕೇಳುವ ಕರ್ಮ. ಗಡ್ಡೆ ಕುಗ್ಗಿತು. ಮಗಳ ಮದುವೆಯಲ್ಲಿ ಬೂಟಿನ ಅಟ್ಟೆ ಕಿತ್ತುಬರುವಂತೆ ಕುಣಿದ. ಬಿ.ಪಿ. ಮಾತ್ರೆ ನುಂಗು ಎಂದರೆ ಮಾತ್ರ ಹಾಡು ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಕಳೆದ ವಾರ ಊಟಕ್ಕೆ ಕೂತವನು ರಕ್ತ ಕಾರಿಕೊಂಡು ಅಲ್ಲೇ ಒರಗಿದ.

* * *

ಸ್ಮಶಾನದಿಂದ ನೇರ ಮನೆಗೆ ಹೋದರೆ ಸತ್ತವನು ಹಿಂದೆಯೇ ಬರುತ್ತಾನೆಂದು ಊರಿನ ನಂಬಿಕೆ. ಅದಕ್ಕೇ ಮೂವರೂ ಸಂತೆಯ ಬಳಿ ಬಿಸಿ ಶ್ಯಾವಿಗೆ ಸಾರಿನಂಗಡಿಯಲ್ಲಿ ಕೂತರು. ರುಫೀನೊ ಬಟ್ಟಲು ಮುಟ್ಟಲಿಲ್ಲ.

"ಅತ್ತಿಗೆ, ನಿಜ ಹೇಳಿ. ಅಣ್ಣನ್ನ ಕೊಂದಿದ್ದು ಔಷಧಿನಾ?"

"ನಂಗೊತ್ತಿಲ್ಲ ಕಣೋ." ನೆನಿಟಾಳಿಗೆ ಸಾಕುಸಾಕಾಗಿತ್ತು. "ರೋಗ ಕಕ್ಕಿಸ್ತೋ, ಔಷಧಿ ಕಕ್ಕಿಸ್ತೋ, ಡಾಕ್ಟರಮ್ಮನಿಗೂ ಗೊತ್ತಿಲ್ಲ. ಆರೇ ತಿಂಗಳು ಅಂದಿದ್ರು, ಎರಡು ವರ್ಷ ನನ್ನ ತಲೆ ತಿಂದ. ರಸ್ತೆ ಕತೆ ಇನ್ನೊಂದ್ಸಲ ಎತ್ತಿದ್ರೆ ಸೌಟಲ್ಲಿ ಹೊಡೀತೀನಿ ಅಂದಿದ್ದೆ..." ಅವಳು ಬಟ್ಟಲನ್ನು ರುಫೀನೊನ ಮುಂದಕ್ಕೆ ಸರಿಸಿದಳು. "ಹೋಗ್ತೀಯೋ ಬಿಡ್ತೀಯೋ ನಿನ್ನಿಷ್ಟ. ಹೋದ್ರೆ ಮಾತ್ರ ಮೊದಲು ಕೊಳವೆ ಬಿಟ್ಟು ಅನ್ನನಾಳ ನೋಡಿಸ್ಕೋ, ಮಾತ್ರೆ ನುಂಗು. ನಿಮ್ಮಣ್ಣನ ಹಾಗೆ ಹಾಡಬೇಡ."

"ನೋಡಿದಾರೆ. ಏನೂ ಇಲ್ವಂತೆ," ಎಂದ ರುಫೀನೊ. "ಹೋಗ್ತೀನಿ."

ಕೊನ್ಸಿಂಗ್ ಬಾಯಿ ತೆರೆದಳು. ನೆನಿಟಾ ಮುಂದಿನ ಜಗಳಕ್ಕೆ ಸಜ್ಜಾದಳು. ಆದರೆ ಮುದುಕಿ ತಮ್ಮನ ಕೈಯನ್ನು ತನ್ನ ಕಡೆ ಎಳೆದುಕೊಂಡು, ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿದಳು.

"ಚಿಕ್ಕಂದಿನಿಂದ ಇವನ ನರ ಸಣ್ಣ. ಚುಚ್ಚೋರಿಗೆ ಸಿಗೋದೇ ಇಲ್ಲ," ಎಂದು ಗೊಣಗುತ್ತ, ಮೊಣಕೈ ಮಡಿಕೆಯಲ್ಲಿ ಹೆಬ್ಬೆರಳು ಒತ್ತಿ ಒತ್ತಿ ಹುಡುಕತೊಡಗಿದಳು. ಸಿಕ್ಕ ಮೇಲೂ ಬೆರಳು ತೆಗೆಯಲಿಲ್ಲ.