ಮರ ಬೇಡ ಅನ್ನುವುದಿಲ್ಲ

ಒಂಟಿ ಮುಳ್ಳುಹಂದಿಯನ್ನು ಕಾಡೆಲ್ಲ ಅಪ್ಪಿಕೊಳ್ಳುವ ಪ್ರಾಸದ ಕಥೆಯನ್ನು ನಾನು ಓದುತ್ತಿದ್ದರೆ, ಬಲ್ಗೇರಿಯಾದ ಪ್ಲೆವೆನ್‌ನ ನಮ್ಮ ಶಿಶುವಿಹಾರದ ಮಕ್ಕಳು ಪ್ರತಿ ಸಾಲಿನ ಕೊನೆಯನ್ನು ತಾವೇ ಕೂಗಿ ಮುಗಿಸುತ್ತಿದ್ದರು. ಅಂದು ಮಾರ್ಚ್ ಒಂದು, ಶುಭ ಹಾರೈಸಿ ನೂಲು ಕಟ್ಟುವ ವಸಂತದ ಹಬ್ಬ. ಕಥೆ ಮುಗಿದೊಡನೆ ಒಬ್ಬರ ಕೈಗೊಬ್ಬರು ಕೆಂಪು-ಬಿಳಿ ನೂಲು ಕಟ್ಟತೊಡಗಿದರು. ಜಿಪ್ಸಿ ಕೇರಿಯ ಜ್ಲಾಟಿನಾ ತಾನೇ ಹೊಸೆದ ನೂಲನ್ನು ರಾಲಿಟ್ಸಾಳಿಗೆ ಕಟ್ಟಲು ಹೋದಳು.

"ನಿಂದು ನಂಗ್ಬೇಡಮ್ಮ, ಹೇನು ಹತ್ತುತ್ತೆ," ಎಂದಳು ರಾಲಿಟ್ಸಾ. ಉಳಿದವರೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟು ನಕ್ಕರು.

ಅದನ್ನು ಕಟ್ಟಿಸಿಕೊಳ್ಳಲು ನಾನು ಕೈ ಚಾಚುವ ಮೊದಲೇ ಹಿರಿಯ ಟೀಚರ್ ಸ್ಟೋಯಾಂಕಾ ಅಂದರು: "ಅಳ್ಬೇಡ ಪುಟ್ಟಿ. ಅಂಗಳದ ಪ್ಲಮ್ ಮರಕ್ಕೆ ಕಟ್ಟು. ಮರ ಬೇಡ ಅನ್ನಲ್ಲ."

ವಾಡಿಕೆಯಂತೆ ಮರಕ್ಕೆ ಕಟ್ಟುವುದು ತಿಂಗಳ ಕೊನೆಗೆ, ಅಷ್ಟು ದಿನ ಕೈಯಲ್ಲಿದ್ದು ಬಿಚ್ಚಿದ ನೂಲನ್ನು.

"ಮೊದ್ಲು ಯಾರಾದ್ರೂ ಹಾಕ್ಕೋಬೇಕಲ್ವಾ ಟೀಚರ್?" ಎಂದಳು ಜ್ಲಾಟಿನಾ.

ಸ್ಟೋಯಾಂಕಾ ಅವಳಿಗೆ ಕೋಟು ತೊಡಿಸಿ, ಅಂಗಳದ ಬಾಗಿಲು ತೆರೆದರು.