ಪಾಲುದಾರರ ಪರದೆ

"ಛೀ, ಎಂಜಲು ಮಾಡ್ಬೇಡ್ವೇ ಕತ್ತೆ! ಮೇಲಿನೋರೆಲ್ಲ ನೋಡ್ತಿದಾರೆ!"

ಖರೀದಿ ಸಾಹೇಬ ಅಷ್ಟು ಜನರೆದುರು ಕೂಗಿದಾಗ ಉಜ್ಜಕ್ಕನ ನಾಲಿಗೆಯ ಮೇಲಿನ್ನೂ ಹಿತ್ತಾಳೆಯ ರುಚಿಯಿತ್ತು. ಇಪ್ಪತ್ತಾರು ವರ್ಷದಿಂದ ಆ ಶೆಡ್ಡಿನಲ್ಲಿ ಪಂಪಿನ ವಾಲ್ವುಗಳನ್ನು ಕೈಯಲ್ಲೇ ಉಜ್ಜಿ ಕೂರಿಸುತ್ತಿದ್ದವಳಿಗೆ ಜೊತೆಯ ಹನ್ನೊಂದು ಹೆಂಗಸರು ಇಟ್ಟ ಹೆಸರದು. ನಾಲ್ಕು ಸುತ್ತು ಉಜ್ಜಿ, ಒರೆಸಿ, ಹಿಂದಿನ ತೂತಿನಿಂದ ಗಾಳಿ ಹೀರಿ ಅದಕ್ಕೇ ನಾಲಿಗೆ ಒತ್ತುವಳು. ವಾಲ್ವು ನಾಲಿಗೆಗೆ ಜಿಗಣೆಯಂತೆ ಕಚ್ಚಿ ನಿಂತರೆ ಸೈ, ಎಲ್ಲೂ ಸೋರುವುದಿಲ್ಲ. ಜಾರಿದರೆ ಇನ್ನೆರಡು ಸುತ್ತು. ಒಂದು ಸುತ್ತು ಹೆಚ್ಚಾದರೂ ಗುಜರಿಗೆ.

ಆ ವಾಲ್ವುಗಳನ್ನು ಕೊಳ್ಳುವ ದೊಡ್ಡ ಕಾರ್ಖಾನೆಯವರು ಅವಳ ಮೇಜಿನ ಮೇಲೆ ಕ್ಯಾಮೆರಾ ತೂಗುಹಾಕಿದ್ದು ಅಂದೇ ಬೆಳಿಗ್ಗೆ. "ಇನ್ಮೇಲೆ ನೀವು ಕೂಲಿಯೋರಲ್ಲ, ಪಾಲುದಾರರು. ನಿಮ್ ಕೆಲಸ ನಮಗೆ ಕಾಣ್ಬೇಕು, ನಮ್ ಕಷ್ಟ ನಿಮಗೆ ಕಾಣ್ಬೇಕು," ಎಂದಿದ್ದ ಸಾಹೇಬ.

"ನಿಮ್ ಕಷ್ಟ ಯಾವ ಪರದೇಲಿ ಬರುತ್ತೆ ಸ್ವಾಮಿ?" ಎಂದು ಮೂಲೆಯವಳೊಬ್ಬಳು ಕೇಳಿ ಬೈಸಿಕೊಂಡಿದ್ದಳು.

ಅಂದಿನಿಂದ ನಾಲಿಗೆಗೆ ಹಚ್ಚುವಾಗ ಉಜ್ಜಕ್ಕ ಕ್ಯಾಮೆರಾಕ್ಕೆ ಬೆನ್ನು ಹಾಕಿದಳು. ಆ ಎಂಜಲು ಯಾತಕ್ಕೆಂದು ಸಾಹೇಬ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕಾರ್ಖಾನೆಯವರು ಆರು ತಿಂಗಳು ಅವಳ ಕೈ ನೋಡಿಕೊಂಡು, ಅದನ್ನೇ ದೂರದ ಅಗ್ಗದ ಶೆಡ್ಡೊಂದಕ್ಕೆ ಕಲಿಸಿ, ಇಲ್ಲಿನ ಹನ್ನೆರಡು ಜನಕ್ಕೂ ಬಾಗಿಲು ತೋರಿಸಿದರು.

ಎರಡೇ ತಿಂಗಳಿಗೆ ಸಾಹೇಬನ ಕಾರು ಅವಳನ್ನು ಹುಡುಕಿಕೊಂಡು ಬಂತು. ಅವಳು ಯಾರದೋ ಮನೆಯ ಮೆಟ್ಟಿಲು ತೊಳೆಯುತ್ತಿದ್ದಳು.

"ಅಕ್ಕಾ..."

"ಕತ್ತೆ ಯಾವಾಗ ಅಕ್ಕ ಆಯ್ತು?"

"ಅಲ್ಲಿ ನೂರಕ್ಕೆ ಅರವತ್ತು ಗುಜರಿಗೆ ಹೋಗ್ತಿದೆ. ನೀನು ಬೆನ್ನು ತಿರುಗ್ಸಿ ಏನೋ ಮಾಡ್ತಿದ್ಯಲ್ಲ, ಅದನ್ನ ಒಂದ್ಸಲ ತೋರ್ಸಿಬಿಡು. ನಿನಗೆ ಕೆಲಸ ಖಾಯಂ."

"ಉಳಿದ ಹನ್ನೊಂದು ಜನ?"

"ಅವ್ರನ್ನೇನು ತಲೆ ಮೇಲೆ ಹೊತ್ಕೊಳ್ಳಲಾ?"

ಉಜ್ಜಕ್ಕ ಸೆರಗಿಗೆ ಕೈ ಒರೆಸಿಕೊಂಡು ಕಾರು ಹತ್ತಿದಳು.

ಹಳೇ ಶೆಡ್ಡಿನ ಅದೇ ಮೇಜು, ಅದೇ ಕ್ಯಾಮೆರಾ. ಎದುರಿಗೆ ಗೋಡೆಯಗಲ ಪರದೆ. ಅದರ ಮೂಲೆಯಲ್ಲಿ ಟೈ ಕಟ್ಟಿದ ದೊಡ್ಡವರು, ಮಿಕ್ಕಿದ್ದೆಲ್ಲ ಹೊಸ ಶೆಡ್ಡು. ಮುಂದಿನ ಸಾಲಿನಲ್ಲಿ ಬೆರಳೆಲ್ಲ ಕಪ್ಪಾದ ಒಬ್ಬ ಬಸುರಿ. "ಕ್ಯಾಮೆರಾಕ್ಕೆ ಕೈ ಅಡ್ಡ ಇಡ್ಬೇಡ್ವೇ ದನಾ!" ಎಂದು ಅಲ್ಲಿಯ ಮೇಸ್ತ್ರಿ ಅವಳ ಮೇಲೆ ಹಾಯುತ್ತಿದ್ದ.

ಉಜ್ಜಕ್ಕ ವಾಲ್ವನ್ನು ಮುಖದ ಹತ್ತಿರ ಎತ್ತಿದಳು. ಟೈಗಳೆಲ್ಲ ಮುಂದೆ ಬಾಗಿದವು. ಅವಳು ಅದನ್ನು ಹಾಗೇ ಕೆಳಗಿಟ್ಟಳು.

"ತಂಗೀ, ನಿನ್ನ ತಲೆ ಮೇಲೆ ಕ್ಯಾಮೆರಾ ಯಾಕಿದೆ ಗೊತ್ತಾ? ನನ್ನ ಮೇಲೂ ಇತ್ತು. ಆರು ತಿಂಗಳು ನೋಡ್ಕೊಂಡು, ನಮ್ಮ ಹನ್ನೆರಡು ಜನಾನೂ ಓಡ್ಸಿ ನಿನ್ನ ಕರೆದ್ರು. ಈಗ ನಿನ್ನ ನೋಡ್ತಿದಾರೆ, ಇನ್ನೂ ಅಗ್ಗದೋಳಿಗೆ ತೋರ್ಸೋಕೆ."

"ಮುಚ್ಚೇ ಬಾಯಿ, ಬೋಳಿಮಗಳೇ!" ಸಾಹೇಬ ಗುಂಡಿಗಾಗಿ ತಡಕಾಡಿದ. ದೊಡ್ಡವರು ನೋಡುತ್ತಿದ್ದ ಪರದೆಯನ್ನು ಆರಿಸುವ ಗುಂಡಿ ಅವನ ಬಳಿ ಇರಲಿಲ್ಲ.

"ನಿಜಾನಾ ಸಾರ್?" ಬಸುರಿ ಕೇಳಿದಳು.

ಟೈಗಳೆಲ್ಲ ಹಿಂದೆ ಸರಿದವು. ಅವಳು ವಾಲ್ವನ್ನು ಕೆಳಗಿಟ್ಟಳು. ಪಕ್ಕದವಳೂ ಇಟ್ಟಳು. ಆ ಸಾಲು, ಅದರ ಹಿಂದಿನ ಸಾಲು. ಒಂದೊಂದಾಗಿ ಕೈಗಳೆಲ್ಲ ಮೇಜಿನಿಂದ ಇಳಿದವು.

"ಯಾರ್ರೀ ಈ ಹೆಂಗಸನ್ನ ಕರ್ಕೊಂಡ್ಬಂದಿದ್ದು?" ಪರದೆಯ ಮೂಲೆಯಿಂದ ದನಿ ಗುಡುಗಿತು.

ಉಜ್ಜಕ್ಕ ಎದ್ದು ತನ್ನ ಸ್ಟೂಲನ್ನು ಸಾಹೇಬನತ್ತ ತಳ್ಳಿದಳು.

"ಬಾರಪ್ಪಾ, ಕೂತ್ಕೋ. ಈ ಕ್ಯಾಮೆರಾ ಕೆಳಗಾದ್ರೆ ಎಲ್ರಿಗೂ ಚೆನ್ನಾಗಿ ಕಾಣ್ತೀಯ."