ಮೊಳೆ ಹೊಡೆದ ಕಿಟಕಿ

"ಅಮ್ಮಾ, ದೊಡ್ಡಮ್ಮ ಇನ್ನೂ ಕೆಮ್ತಾಳೆ," ಎಂದಳು ಪುಟ್ಟಿ.

ಹೊಲಿಗೆ ಯಂತ್ರ ತುಳಿಯುತ್ತಿದ್ದ ತಾಯಿಯ ಕಾಲು ಗಕ್ಕನೆ ನಿಂತಿತು. ದೊಡ್ಡಮ್ಮ, ಅಂದರೆ ಅವಳ ಓರಗಿತ್ತಿ, ಕ್ಷಯದಿಂದ ತೀರಿಕೊಂಡು ಮೂರು ತಿಂಗಳಾಗಿತ್ತು. ಹೊಲಿಗೆ ಕೊಡುವ ಮೇಸ್ತ್ರಿಗೆ ಗೊತ್ತಾದರೆ ಕೆಲಸ ತಪ್ಪೀತೆಂದು ಆಕೆ ಕೊನೆಯವರೆಗೂ ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಲ್ಲ. ಈಗ ಅದೇ ಕೋಣೆ, ಅದೇ ಯಂತ್ರ. ಬೆಳಗಿನ ಜಾವದ ಮಂಪರಿನಲ್ಲಿ ಆ ಕೆಮ್ಮು ತಾಯಿಗೂ ಕೇಳಿಸುತ್ತಿತ್ತು. ಮಗು ಹೆದರೀತೆಂದು ಬಾಯಿ ಬಿಟ್ಟಿರಲಿಲ್ಲ.

ಮಧ್ಯಾಹ್ನ ಮನೆಮನೆ ತಿರುಗುವ ನರ್ಸಮ್ಮ ಬಂದಳು.

"ಅಬ್ಬಾ! ಇದರೊಳಗೆ ಇರುವೆಗೂ ಉಸಿರು ಕಟ್ಟುತ್ತೆ." ಕಿಟಕಿಯ ಪರದೆಯ ಅಂಚೆತ್ತಿ ನೋಡಿದಳು. "ಇದಕ್ಕೆ ಯಾಕಮ್ಮ ಮೊಳೆ?"

"ಎದುರು ಕಾರ್ಖಾನೆ ಚಿಮಣಿ ಮಸಿ ಬರುತ್ತೆ ಸಿಸ್ಟರ್. ಬಿಳಿ ಅಂಗಿ ಮೇಲೆ ಒಂದು ಚುಕ್ಕೆ ಬಿದ್ರೂ ಮೇಸ್ತ್ರಿ ಮುಖಕ್ಕೆ ಎಸೀತಾನೆ. ತೀರಿಹೋದ ಅಕ್ಕನೇ ಹೊಡೆದಿದ್ದು."

"ಈ ಸಾಲಿನ ಹನ್ನೊಂದು ಮನೇಲೂ ಇದೇ ಮಾತು. ಏಳು ಮನೇಲಿ ನನ್ನ ಕ್ಷಯದ ಮಾತ್ರೆ ನುಂಗ್ತಿದ್ದಾರೆ. ಆ ಕಡೆ ಗಾಳಿಯಾಡೋ ತೋಟದ ಮನೆಗಳಿವೆಯಲ್ಲ, ಅಲ್ಲಿ ನನ್ನ ಮುಖಾನೇ ಯಾರೂ ನೋಡಿಲ್ಲ."

ಪುಟ್ಟಿ ಅವಳ ಸೆರಗು ಜಗ್ಗಿದಳು. "ನಮ್ಮನೇಲಿ ದೊಡ್ಡಮ್ಮ ಕೆಮ್ತಾಳೆ."

"ಎಲ್ಲಿ ಮರಿ?"

ಮಗು ತನ್ನ ಎದೆಯ ಮೇಲೆ ಕೈಯಿಟ್ಟಿತು. "ಇಲ್ಲಿ."

ತಾಯಿ ಎದ್ದು ಬಂದು ಮಗಳನ್ನು ಹತ್ತಿರಕ್ಕೆಳೆದುಕೊಂಡಳು.

"ನಾಳೇನೇ ಪರೀಕ್ಷೆಗೆ ಕರ್ಕೊಂಡು ಬಾ," ಎಂದಳು ನರ್ಸಮ್ಮ ಮೆಲ್ಲಗೆ. "ವಾಸಿಯಾಗೋ ಕಾಯಿಲೆ ಇದು. ಆದ್ರೆ ಮೊದಲು ಗಾಳಿ ಬಿಡು."

ನರ್ಸಮ್ಮ ಹೋದ ಮೇಲೆ ತಾಯಿ ಪರದೆ ಕಿತ್ತು, ಮೊಳೆಗೆ ಕತ್ತರಿಯ ಮೊನೆ ಕೊಟ್ಟಳು. ಎರಡು ಕಿತ್ತು ಬಂದವು. ಮೂರನೆಯದು ಆಗಲೇ ಅರ್ಧ ಎದ್ದಿತ್ತು. ಸುತ್ತಲಿನ ಮರವನ್ನು ಯಾರೋ ಕೆರೆದು ಕೆರೆದು ಕುಳಿ ಮಾಡಿದ್ದರು. ಕುಳಿಯಲ್ಲಿ ಯಂತ್ರದ ಸೂಜಿಯ ತುಂಡೊಂದು ಮುರಿದು ನಿಂತಿತ್ತು.

ಕೊನೆಯ ವಾರ ಮಾತು ನಿಂತ ಮೇಲೆ ಅಕ್ಕ ಕಿಟಕಿಯತ್ತ ಕೈ ಮಾಡುತ್ತಲೇ ಇದ್ದಳು. ಸಂದಿಯ ಬಿಸಿಲು ಕಣ್ಣಿಗೆ ಚುಚ್ಚುತ್ತಿರಬೇಕೆಂದು ಇವಳೇ ಆ ಪರದೆ ಕಟ್ಟಿದ್ದಳು.

"ತಿಳೀಲಿಲ್ಲ ಅಕ್ಕಾ," ಎಂದಳು. ಕಿಟಕಿ ಕಿರುಗುಟ್ಟಿ ತೆರೆಯಿತು. ಗಾಳಿ ನುಗ್ಗಿತು, ಜೊತೆಗೆ ಮಸಿಯೂ. ಹೊಲಿದಿಟ್ಟ ಪುಟಾಣಿ ಅಂಗಿಯ ತೋಳಿನ ಮೇಲೆ ಒಂದು ಕರಿಚುಕ್ಕೆ ಕೂತಿತು. ಅವಳು ಅದನ್ನು ಕೊಡವಲಿಲ್ಲ. ಮಗಳನ್ನೆತ್ತಿ ಕಿಟಕಿಗೆ ಒರಗಿಸಿಕೊಂಡಳು.

ಸಾಲಿನುದ್ದಕ್ಕೂ ಹತ್ತು ಕಿಟಕಿಗಳು ಮುಚ್ಚಿದ್ದವು. ಒಂದರ ಹಿಂದೆ ಯಾರೋ ಕೆಮ್ಮಿದರು. ಅದೇ ಕೆಮ್ಮು.